ಚಾವಣಿ ನೋಡುವ ಅತ್ತೆ

ಯಾರ ಮನೆಗೆ ಹೋದರೂ ನಮ್ಮತ್ತೆ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಚಾವಣಿಯನ್ನು. ಮರಕ್ಕೆ ಮರ ಎಲ್ಲಿ ಸೇರಿದೆ, ಹೇಗೆ ಸೇರಿದೆ ಎಂದು ಕತ್ತೆತ್ತಿ ನೋಡಿ ಸಮಾಧಾನವಾದ ಮೇಲೆಯೇ "ಚೆನ್ನಾಗಿದ್ದೀರಾ?" ಎನ್ನುತ್ತಾರೆ. ಅಪ್ಪನ ತಂಗಿ ಎಂದು ಸುಮ್ಮನಿದ್ದೇನೆ. ಬೇರೆಯವರಾಗಿದ್ದರೆ ಗೇಟಿನ ಹೊರಗೇ ಮಾತಾಡಿಸಿ ಕಳಿಸುತ್ತಿದ್ದೆ.

ತಪ್ಪು ಅವರದಲ್ಲ, ಅವರ ನೌಕರಿಯದು. ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ನಿವೃತ್ತಿಯವರೆಗೂ ಅವರು ಮಾಡಿದ್ದು ಒಂದೇ ಕೆಲಸ. ಗಟ್ಟಿ ಮರದ ತುಂಡುಗಳನ್ನು ಕಬ್ಬಿಣದ ಪಟ್ಟಿಯಿಂದ ಜೋಡಿಸಿ, ಯಂತ್ರಕ್ಕೆ ಕೊಟ್ಟು ಎಳೆಸಿ, ಎಷ್ಟು ಬಲಕ್ಕೆ ಕಿತ್ತುಬಂತು ಎಂದು ಬರೆದಿಡುವುದು. ಸರ್ವೀಸೆಲ್ಲ ಮುರಿಯುವುದರಲ್ಲೇ ಕಳೆದವರು ಈಗ ಕೈಕಟ್ಟಿ ಕೂರುತ್ತಾರೆಯೇ?

ನನಗೆ ಹೆಣ್ಣು ನೋಡಲು ಗೌರಿಬಿದನೂರಿಗೆ ಹೋದಾಗ ಎಲ್ಲರೂ ಹುಡುಗಿ ಬರಲೆಂದು ಕಾಯುತ್ತಿದ್ದರೆ, ಇವರು ಕೂತ ಮಂಚವನ್ನೇ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು. "ಮರ ಹೊನ್ನೆ, ಒಳ್ಳೇದು. ಪಟ್ಟಿ ಹೊಡೆದವನಿಗೆ ಮಾತ್ರ ಬುದ್ಧಿ ಇಲ್ಲ" ಎಂದರು. ಹೊಡೆದಿದ್ದು ಹುಡುಗಿಯ ತಂದೆ. ಆದರೂ ಮದುವೆ ನಡೆದದ್ದು ನಮ್ಮ ಮಾವನವರ ದೊಡ್ಡತನ.

ಇಷ್ಟೆಲ್ಲ ಗೊತ್ತಿದ್ದೂ, ಶಿಡ್ಲಘಟ್ಟದ ಹತ್ತಿರ ನಮ್ಮ ತೋಟದಲ್ಲಿ ರೇಷ್ಮೆಹುಳು ಸಾಕುವ ಮನೆ ಕಟ್ಟಿಸಿದಾಗ ಅತ್ತೆಯನ್ನು ಕರೆದೆ. ಮತ್ತಿ ಮರದ ತೊಲೆಗಳು, ಸೇರುವಲ್ಲೆಲ್ಲ ಕಬ್ಬಿಣದ ಪಟ್ಟಿ, ಬೋಲ್ಟು. ಶೀಟು ಹೊದಿಸುವುದೊಂದೇ ಬಾಕಿ. ಮರುವಾರಕ್ಕೆ ಮರಿಹುಳು ಬೇಕೆಂದು ಹೇಳಿಯೂ ಆಗಿತ್ತು.

ಅತ್ತೆ ಏಣಿ ಹತ್ತಿದರು. ಒಂದೊಂದು ಪಟ್ಟಿಯ ಮೇಲೂ ಅಂಚು ದಾಟಿ ಮರದ ಮೇಲಕ್ಕೆ ಹಾಯುವಂತೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆಮೇಲೆ ತೊಲೆಗಳಿಗೆ ಮರಳು ಮೂಟೆ ನೇತುಹಾಕಿಸಿ ನಮ್ಮನ್ನೆಲ್ಲ ಹೊರಗಟ್ಟಿದರು. ಸಂಜೆ ನೋಡಿದರೆ, ಪಟ್ಟಿಯ ಮೇಲಿನ ಗೆರೆಗೂ ಮರದ ಮೇಲಿನ ಗೆರೆಗೂ ಸಾಸಿವೆ ಕಾಳಿನಷ್ಟು ಅಂತರ ಬಿದ್ದಿತ್ತು.

"ಮುರೀಲಿಲ್ವಲ್ಲಮ್ಮ" ಎಂದ ಬಡಗಿ.

"ಮುರಿಯೋದು ಬೇರೆ ಕಣಪ್ಪ, ಜರುಗೋದು ಬೇರೆ. ಬೋಲ್ಟಿಗಿಂತ ದೊಡ್ಡ ತೂತು ಕೊರೆದಿದ್ದೀಯ. ಗಾಳಿ ಬಂದಾಗಲೆಲ್ಲ ಹಿಂಗೇ ಜರುಗ್ತಾ ಹೋದ್ರೆ ಚಾವಣಿ ಜಗ್ಗುತ್ತೆ."

"ಸಾಸಿವೆ ಕಾಳಿಗೆ ಇಷ್ಟೊಂದಾ ಅತ್ತೆ?" ಎಂದೆ ನಾನು.

"ಬಿಚ್ಚಿಸು" ಎಂದರು.

ಬಿಚ್ಚಿಸಬೇಕಂತೆ! ಕಟ್ಟಿಸಿದವನ ಹೊಟ್ಟೆ ಉರಿ ಇವರಿಗೇನು ಗೊತ್ತು? ಆದರೆ ಬಡಗಿಯ ಮುಂದೆ ಅತ್ತೆಯ ಮಾತು ತೆಗೆದುಹಾಕುವುದು ಹೇಗೆ? ಬಿಚ್ಚಿಸಿದೆ. ನಮ್ಮ ಮರಿಹುಳುಗಳು ಚಿಂತಾಮಣಿ ಕಡೆಯ ಯಾರದೋ ಪಾಲಾದವು. ಹದಕ್ಕೆ ಬಂದಿದ್ದ ಹಿಪ್ಪುನೇರಳೆ ಸೊಪ್ಪು ಬಲಿತು ಕುರಿಗಳ ಬಾಯಿಗೆ ಹೋಯಿತು. ಬಡಗಿ ಹೊಸ ಪಟ್ಟಿ, ತೂತಿಗೆ ಬಿಗಿಯಾಗಿ ಕೂರುವ ದಪ್ಪ ಬೋಲ್ಟು ಹಾಕುತ್ತ ಅತ್ತೆಯನ್ನು ತೆಲುಗಿನಲ್ಲಿ ಬೈದ. ಅತ್ತೆಗೆ ತನಗಿಂತ ಚೆನ್ನಾಗಿ ತೆಲುಗು ಬರುತ್ತದೆಂದು ಅವನಿಗೆ ಗೊತ್ತಾಗಿದ್ದು ಅವರು ಉತ್ತರ ಕೊಟ್ಟಾಗ. ನಾನಂತೂ ವಾರವಿಡೀ ಅತ್ತೆಯೊಂದಿಗೆ ಮಾತು ಬಿಟ್ಟೆ. ಅದು ಅವರ ಗಮನಕ್ಕೇ ಬರಲಿಲ್ಲ ಎಂಬುದು ನನ್ನನ್ನು ಇನ್ನಷ್ಟು ಕೆರಳಿಸಿತು.

ಮತ್ತೆ ಮೂಟೆ ನೇತುಹಾಕಿಸಿದರು. ಈ ಸಲ ಗೆರೆ ಕದಲಲಿಲ್ಲ. ಇನ್ನಾದರೂ ಇಳಿಸೋಣವೆಂದು ಮಾರನೇ ಬೆಳಿಗ್ಗೆ ಹೋದರೆ, ಮೂಟೆಗಳ ಕೆಳಗೆ, ಸರಿಯಾಗಿ ನಡುಮಧ್ಯೆ, ಅತ್ತೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಬೈಯಲು ಕೊನೆಗೂ ನನಗೊಂದು ಕಾರಣ ಸಿಕ್ಕಿತು.

"ಏನತ್ತೆ ಇದು? ನಮ್ಮನ್ನ ಹೊರಗಟ್ಟಿ ನೀವಿಲ್ಲಿ ಕೂತಿದ್ದೀರಲ್ಲ. ಲ್ಯಾಬಲ್ಲೂ ಹಿಂಗೇ ಕೂರ್ತಿದ್ರಾ?"

"ಲ್ಯಾಬಲ್ಲಿ ಮುರಿದ್ರೆ ಬರೀ ಮರ ಮುರೀತಿತ್ತಪ್ಪ" ಎಂದರು ಮೆಲ್ಲಗೆ. "ಇಲ್ಲಿ ನಿನ್ನ ಹೆಂಡ್ತಿ ದಿನವೆಲ್ಲ ಹುಳಕ್ಕೆ ಸೊಪ್ಪು ಹಾಕ್ತಾಳೆ. ಮಗು ಅವಳ ಹಿಂದೇನೇ ಓಡಾಡುತ್ತೆ. ಅವರಿಗಿಂತ ಮೊದ್ಲು ನಾನು ಕೂತು ನೋಡ್ತೀನಿ. ಮಧ್ಯಾಹ್ನದವರೆಗೂ ನೀನು ಹೊರಗಿರು."

ಹೊರಗೆ ಹೋದೆ. ಇನ್ನೊಂದು ಸ್ಟೂಲು ತಂದು ಅವರ ಪಕ್ಕದಲ್ಲಿ ಕೂತೆ.