ಹಿಂದ ಸರಿಯೋ ರೈಲು, ಮುಂದ ಬಾರದ ಸಕ್ರಿ

ಬಾಗಲಾ ಅರ್ಧ ಮುಂದ ಮಾಡ್ರಿ, ಸನೇಕ ಬರ್ರಿ. ಇದು ನಿಮ್ಮ ಹೊಟ್ಟ್ಯಾಗ ಇರಲಿ. ನಾನೂ ಯಾರ ಮುಂದೂ ಆಡಿಲ್ಲ, ನಮ್ಮ ಓಣಿಯವರನ್ನ ಬಿಟ್ಟು. ಸಾಲಿ ಕಲತವರ ಬಾಜೂಕ ಮನಿ ಇದ್ರ ಇಂಥಾವು ನಡದ ಇರತಾವ. ನೋಡಬಾರದಂದ್ರೂ ನಡುವಿನ ಗ್ವಾಡಿ ಗಿಡ್ಡ ಐತಿ, ಏನ ಮಾಡೋದು?

ಟ್ರಾನ್ಸಿಸ್ಟರ್ ಇದ್ದವರು ಅದನ್ನ ಹೆಗಲಿಗೆ ಹಾಕ್ಕೊಂಡು ಸಂತಿಗೆ ಹೋಗತಿದ್ದ ಕಾಲ. ಬಾಗೇವಾಡ್ಯಾಗ ನಮ್ಮ ಮನ್ಯಾಗ ನಾನು, ಓಣಿಯವರೆಲ್ಲಾ ಮುತ್ಯಾ ಅನ್ನೋ ನನ್ನ ಗಂಡ, ಇಬ್ಬರ. ಬಾಜೂ ಮನ್ಯಾಗ ಒಬ್ಬರು ವಿಜ್ಞಾನ ಮಾಸ್ತರು, ಅವರ ಹೆಂಡತಿ, ಮದವಿಗೆ ಬಂದ ಒಬ್ಬಾಕಿ ಮಗಳು. ಮಗಳಿಗೆ ಮುದ್ದೇಬಿಹಾಳದ ಛಲೋ ಮನಿತನದಿಂದ ಮಾತು ಬಂದಿತ್ತು. ಹುಡುಗಿಗೂ ಹುಡುಗ ಮನಸಿಗೆ ಬಂದಿದ್ದ. ಈ ಸಂಬಂಧ ಕೈ ತಪ್ಪಬಾರದಂತ ಅವ್ವ ಜೀವಾ ಮುಷ್ಟ್ಯಾಗ ಹಿಡಕೊಂಡಿದ್ಲು. ಮಾಸ್ತರಿಗೆ ಮಾತ್ರ ರೈಲಿನ ಚಿಂತಿ.

೧. ಮಾಸ್ತರನ್ನ ಓಡಿಸೋ ರೈಲು

ಸಿಂದಗಿ ಸಂತ್ಯಾಗಿಂದ ಒಂದು ಕೆಟ್ಟ ರೇಡಿಯೋ ತಂದ್ರು. ಯಾರೋ ಒಗದ ರೆಕಾರ್ಡ್ ಹಚ್ಚೋ ಪೆಟಗಿಯಿಂದ ಮೋಟಾರು ಬಿಚ್ಚಿದ್ರು. ಎಣ್ಣಿ ಡಬ್ಬಿ ಕತ್ತರಿಸಿ ಹಳಿ ಮಾಡಿದ್ರು. ಕೈಯಾಗ ಒಂದು ಡಬ್ಬಿ, ಅದಕ್ಕ ಆಕಾಶಕ್ಕ ನೆಟ್ಟ ಸೈಕಲ್ ಕಡ್ಡಿ. ಡಬ್ಬಿಯ ಗುಂಡಿ ಒತ್ತಿದ್ರ ಸಾಕು, ನಡುವ ತಂತಿ ಇಲ್ಲ, ದಾರ ಇಲ್ಲ, ಪಡಸಾಲ್ಯಾಗ ರೈಲು ತಾನ ಓಡತಿತ್ತು.

ಆದ್ರ ಮುಂದಷ್ಟ. ಹಿಂದ ಬರತಿರಲಿಲ್ಲ. ಹಳಿ ಮುಗದಲ್ಲೆಲ್ಲ ಮಾಸ್ತರು ಧೋತರ ಎತ್ತಿಕೊಂಡು ಓಡಿ, ರೈಲು ಎತ್ತಿ, ತಿರುವಿ ಇಡತಿದ್ರು.

"ಯಾಕ್ರಿ ಮಾಸ್ತರ, ನಮ್ಮ ಇಂಡಿ ಕಡೆ ರೈಲು ಹಿಂದೂ ಹೋಗತಾವಲ್ಲ?" ಅಂದೆ. ನಾ ತವರಮನ್ಯಾಗ ರೈಲು ಕಂಡಾಕಿ.

"ಇದೂ ಹೋಗತೈತ್ರಿ ಆಯಿ. ಅದರ ಸಾಮಾನ ಮುಂಬೈದಾಗ ಸಿಗತೈತಿ, ನನ್ನ ಪಗಾರದಾಗ ಸಿಗೂದಿಲ್ಲ."

ಒಳಗಿಂದ ಹೆಂಡತಿ ಅಂದ್ಲು: "ಕುಂತಲ್ಲೆ ರೈಲು ಓಡಸ್ತೇನಿ ಅಂದಿದ್ರಿ. ಈಗ ರೈಲ ಕುಂತಲ್ಲೆ ನಿಮ್ಮನ್ನ ಓಡಸಾಕತ್ತೈತಿ."

೨. ಉಲ್ಟಾ ಸೆಲ್ಲು

ಒಂದಿನ ಮಾಸ್ತರು ಖುಷಿಲೆ ಗ್ವಾಡಿ ಮಟ ಬಂದ್ರು. "ಆಯಿ, ತಿಳೀತ್ರಿ! ಮೋಟಾರಿಗೆ ಎರಡು ತಂತಿ. ಇದರ ಜಾಗಾದಾಗ ಅದು, ಅದರ ಜಾಗಾದಾಗ ಇದು ಹಚ್ಚಿದ್ರ ಉಲ್ಟಾ ತಿರಗತೈತಿ. ಸೆಲ್ಲು ತಲಿ ಕೆಳಗ ಮಾಡಿ ಹಾಕಿದ್ರೂ ಅಷ್ಟ, ಹಿಂದ ಹೋಗತೈತಿ!"

ಯಾವದು ಇದು, ಯಾವದು ಅದು, ನನಗರ ತಿಳೀಲಿಲ್ಲ. ಸೆಲ್ಲಿನ ಮಾತಷ್ಟ ತಲ್ಯಾಗ ಕುಂತಿತು. ಅವತ್ತ ಮುಂಜಾನೆ ಭಾವಿ ಕಟ್ಟಿ ಮ್ಯಾಲ ಯಾರದೋ ಸೊಸಿ ಓಡಿಹೋದ ಸುದ್ದಿ ಕೇಳಕೋತ ನಿಂತು, ರೇಡಿಯೋದಾಗಿನ ಭಕ್ತಿಗೀತಿ ತಪ್ಪಿಸಿಕೊಂಡಿದ್ದೆ. ಮನಿಗೆ ಹೋದಾಕಿನ ರೇಡಿಯೋದ ಸೆಲ್ಲು ಉಲ್ಟಾ ಹಾಕಿ, ಕೈ ಮುಗದು ಕುಂತೆ. ಗೀತಿ ಹೋಗ್ಲಿ, ಗೊರಗೊರ ಸಪ್ಪಳನೂ ಇಲ್ಲ.

ರೇಡಿಯೋ ಬಗಲಾಗ ಹಿಡಕೊಂಡು ಜಗಳಕ್ಕ ಹೋದೆ. "ಹಿಂದ ಹೋಗತೈತಿ ಅಂದಿದ್ರಿ. ಇದು ಬಾಯಿನ ಬಿಡವಲ್ದು!"

ಮಾಸ್ತರು ರೇಡಿಯೋ ಇಸಕೊಂಡು ಸೆಲ್ಲು ಸೀದಾ ಮಾಡಿ ಹಾಕಿದ್ರು. "ಆಯಿ, ಹಿಂದ ತಿರಗೋದು ಮೋಟಾರು. ಮುಂಜಾನಿ ಅಲ್ರಿ."

೩. ನಾಕು ಕಾಲಿನ ಮಾಸ್ತರು

ಇದು ಮಾತ್ರ ನಾ ಕಣ್ಣಾರೆ ಕಂಡದ್ದು. ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದ್ರ, ಅಂಗಳದಾಗ ಮಾಸ್ತರು ಮೊಣಕಾಲ ಊರಿ ಎಮ್ಮಿಗತೆ ನಿಂತಾರ. ಬಾಜೂಕ ಹೆಂಡತಿ ನಿಂತಾಳ. ಕೈಯಾಗ ಕಡ್ಡಿ!

"ಸಾಕು, ಸಾಕು, ಬಿಡ!" ಅಂತ ಮಾಸ್ತರು ಒದರಾಕತ್ತಾರ.

"ಹಿಂದ ಸರೀರಿ ಅಂದೆ, ಹಿಂದ ಸರೀರಿ!" ಅಂತ ಅಕಿ ಗದರಾಕತ್ತಾಳ.

ಅವರು ಗಾಲಿ ನೋಡಾಕತ್ತಿದ್ರಂತ, ಅಕಿ ಸೈಕಲ್ ಕಡ್ಡಿಯ ಡಬ್ಬಿ ಹಿಡದು ಗುಂಡಿ ಒತ್ತಾಕತ್ತಿದ್ಲಂತ. ನನಗೇನ ಗೊತ್ತು? ರೈಲು ಗ್ವಾಡಿ ಬುಡಕಿತ್ತು, ಕಾಣಲಿಲ್ಲ. ಕೊಡ ತಗೊಂಡು ಭಾವಿಗೆ ಹೋಗಿ ನಾ ಅಂದದ್ದು ಇಷ್ಟ: ಮಾಸ್ತರು ನೆಲಕ್ಕ ಬಿದ್ದಿದ್ರು, ಅಕಿ ಕೈಯಾಗ ಕಡ್ಡಿ ಇತ್ತು. ಆ ಕಡ್ಡಿ ಮಸೂತಿ ಊರಾಗ ಬಡಿಗಿ ಆತು, ಮುದ್ದೇಬಿಹಾಳದಾಗ ಒನಕಿ ಆತು. ಬೀಗರಾಗೋರು ಹೇಳಿ ಕಳಿಸಿದ್ರು: "ಹುಡುಗಿ ಅವ್ವನ ಕೈ ಎಷ್ಟು ಉದ್ದ ಐತಿ, ನಾವ ಬಂದು ನೋಡತೇವಿ. ಆಮ್ಯಾಲ ಮಾತು."

ಮಂದಿ ನನ್ನ ಕಡೆ ಬೊಟ್ಟು ಮಾಡಿದ್ರು. ಹೌದೇನ್ರಿ, ಮುದ್ದೇಬಿಹಾಳಕ್ಕ ಬಸ್ಸು ನಾ ಬಿಟ್ಟೇನೇನು?

೪. ಬೀಗರ ಸಕ್ರಿ

ಬೀಗರು ಬಂದ್ರು. ನನ್ನನ್ನ ಯಾರೂ ಕರದಿರಲಿಲ್ಲ. ಬಾಜೂ ಮನಿಯವರು ಹೋಗದಿದ್ರ ಚೆಂದ ಕಾಣತೈತೇನು ಅಂತ ಹೋಗಿ ಬಾಗಲ ಸನೇಕ, ಹಳಿಯ ಈ ತುದಿಗೆ ಕುಂತೆ. ಬೀಗರು ಆ ತುದಿಗೆ ಜಮಖಾನಿ ಮ್ಯಾಲ.

ಮಾಸ್ತರು ರೈಲು ಓಡಿಸಿ, ಅವತ್ತ ಅಂಗಳದಾಗ ನಡದದ್ದು ಇದ ನೋಡ್ರಿ ಅಂತ ತೋರಿಸಿದ್ರು. ಕರೆಂಟಿನ ಬಾಗಿಲ ಗಂಟಿಯೊಳಗಿನ ಕಬ್ಬಿಣದ ಪಟ್ಟಿ ತಗದು ಮೊದಲ ರೈಲಿಗೆ ಕೂಡಿಸಿಟ್ಟಿದ್ರು. ಗುಂಡಿ ಒಮ್ಮೆ ಒತ್ತಿದ್ರ ಮುಂದ, ಮತ್ತ ಒತ್ತಿದ್ರ ತಂತಿಗೋಳು ತಾವ ಅದಲುಬದಲಾಗಿ ಹಿಂದ. ಬೀಗರಿಗೆ ನಗಿ ಬಂತು. "ಆತು ಬಿಡ್ರಿ, ಹುಡುಗಿ ನಮಗ ಪಸಂದ. ಸಕ್ರಿ ತರ್ರಿ" ಅಂದ್ರು.

ನಮ್ಮ ಕಡೆ ಬೀಗರ ಬಾಯಾಗ ಹೆಣ್ಣಿನವರ ಸಕ್ರಿ ಬಿತ್ತಂದ್ರ ಮಾತು ಗಟ್ಟಿ. ಅದನ್ನ ಕೈಲೆ ಕೊಡಬೇಕಿಲ್ಲೋ? ಮಾಸ್ತರು ಸಕ್ರಿ ಬಟ್ಟಲಾ ರೈಲಿನ ಮ್ಯಾಲ ಇಟ್ರು! ಹೆಂಡತಿ ಚಿವುಟಿದ್ಲು, ಕೇಳಲಿಲ್ಲ.

ರೈಲು ಹೊಂಟಿತು. ಬೀಗರು ಕೈ ಚಾಚಿದ್ರು. ಎಲ್ಲಿ ಬೀಗರಿಗೆ ಗುದ್ದತೈತೋ ಅಂತ ಅಂಜಿ ಮಾಸ್ತರು ಮತ್ತ ಒತ್ತಿದ್ರು. ಸಕ್ರಿ ಹಿಂದ ಸರಿದು ನನ್ನ ಮುಂದ ಬಂದು ನಿಂತಿತು. ಶುಭಕಾರ್ಯದ ಸಕ್ರಿ ಬ್ಯಾಡ ಅನಬಾರದು, ಒಂದಿಷ್ಟು ಬಾಯಾಗ ಹಾಕ್ಕೊಂಡೆ. ಮತ್ತ ಹೋತು, ಬೀಗರ ಬೊಟ್ಟಿಗೆ ಇನ್ನೇನ ಹತ್ತಬೇಕು, ಮತ್ತ ಹಿಂದ ಬಂತು. ಎಲ್ಲಾರಿಗೂ ಹಿಂಗ ಸುತ್ತ ಹಂಚತಾರೇನೋ ಅಂತ ಉಳದದ್ದೂ ತಿಂದೆ.

ಬೀಗರು ಎದ್ದು ಟವಲು ಝಾಡಿಸಿದ್ರು. "ಸಕ್ರಿ ತೋರಿಸಿ ಹಿಂದ ಜಗ್ಗತೀರಿ? ಮನಸಿಲ್ಲಂದ್ರ ಬಾಯಿಲೆ ಹೇಳ್ರಿ ಮಾಸ್ತರ!"

ಹೆಂಡತಿ ಮಾರಿ ಬೂದಿ ಆತು. ಮಾಸ್ತರು ಗುಂಡಿ ಒತ್ತೇ ಒತ್ತಿದ್ರು. ಒಳಗಿನ ಪಟ್ಟಿ ಸಿಕ್ಕೊಂಡು, ರೈಲು ಹಿಂದ ಹಿಂದನ ಬಂದು ನನ್ನ ಮೊಣಕಾಲ ಗುದ್ದಾಕತ್ತಿತು. ಆವಾಗ ಹುಡುಗಿ ಸೆರಗ ಸರಿ ಮಾಡಿಕೋತ ಹೊರಗ ಬಂದ್ಲು. ತಲಿಯೊಳಗಿನ ಪಿನ್ನು ತಗದು ಮೋಟಾರಿನ ಎರಡೂ ತಂತಿ ಬಿಚ್ಚಿ, ಇದರ ಜಾಗಾಕ್ಕ ಅದು, ಅದರ ಜಾಗಾಕ್ಕ ಇದು ಸುತ್ತಿದ್ಲು. "ಅಪ್ಪಾ, ಕೈ ತಗೀರಿ. ಇನ್ನ ಒತ್ತಬ್ಯಾಡ್ರಿ."

ರೈಲು ಸೀದಾ ಬೀಗರ ಕಾಲತನ ಹೋಗಿ ನಿಂತಿತು. ಅವರು ಬಗ್ಗಿ ಬಟ್ಟಲದಾಗ ಕೈ ಹಾಕಿದ್ರು. ಖಾಲಿ!

ಎಲ್ಲಾರೂ ನನ್ನ ಕಡೆ ತಿರುಗಿದ್ರು. ಬಾಯಿ ತುಂಬ ಸಕ್ರಿ, ನನಗ ಮಾತ ಹೊಂಡಲಿಲ್ಲ. ಹುಟ್ಟಿದಾಗಿಂದ ಹಂಗ ಆದದ್ದು ಅದ ಮೊದಲು.

ಆಮ್ಯಾಲ ಬೀಗರು ಹೊಟ್ಟಿ ಹಿಡಕೊಂಡು ನಕ್ಕು ಕುಂತದ್ದು, ಒಳಗಿಂದ ಬ್ಯಾರೆ ಸಕ್ರಿ ಬಂದದ್ದು, ಮದವಿ ಗಟ್ಟಿ ಆದದ್ದು, ಅದೆಲ್ಲಾ ಛಲೋ ಆತು. ಆದ್ರ ಅವರು ನಕ್ಕದ್ದು ಯಾಕ ಗೊತ್ತೇನ್ರಿ? ಮಾಸ್ತರ ಹೆಂಡತಿ ಸೊಂಟದ ಮ್ಯಾಲ ಕೈ ಇಟ್ಟು, ಅಷ್ಟು ಮಂದ್ಯಾಗ ನನ್ನ ಮಾರಿ ಮುಂದ ನಿಂತು ಅಂದ್ಲು:

"ಆಯೀ, ಸಕ್ರಿ ತಿಂದವರ ಮನಿಗೆ ಹುಡುಗಿ ಕೊಡಬೇಕಲ್ರಿ. ನಿಮ್ಮ ಮನ್ಯಾಗ ಗಂಡಸಂದ್ರ ಮುತ್ಯಾ ಒಬ್ಬರ. ಹೋಗ್ರಿ, ಬಾಸಿಂಗ ಕಟ್ಟಿ ಕರಕೊಂಡ ಬರ್ರಿ!"