ಮೊದಲ ರ್‍ಯಾಂಕಿನ ಪ್ರೊಸೆಸರ್

ಲೆಕ್ಕದ ಮೇಷ್ಟ್ರ ದೃಷ್ಟಿಯಲ್ಲಿ ಅಂಕ ಕೊಡಲಾಗದ ವಸ್ತು ಈ ಭೂಮಂಡಲದಲ್ಲೇ ಇರಲಿಲ್ಲ. ಸೋಪು, ಚಪ್ಪಲಿ, ಫ್ಯಾನು, ಹೆಂಡತಿಯ ಕಡೆಯ ನೆಂಟರು, ಎಲ್ಲರೂ ಅವರ ಕೆಂಪು ಪೆನ್ನಿನ ಕೆಳಗೆ ಒಮ್ಮೆಯಾದರೂ ಹಾದುಹೋದವರೇ. (ನೆಂಟರಲ್ಲಿ ಪಾಸಾದವರು ಇಬ್ಬರೇ. ಅವರಲ್ಲೂ ಒಬ್ಬರು ಕೃಪಾಂಕದವರು.) ಹೀಗಿರುವಾಗ ಮನೆಗೊಂದು ಹೊಸ ಕಂಪ್ಯೂಟರ್ ಬೇಕು ಎಂಬ ಮಾತು ಕಿವಿಗೆ ಬಿದ್ದಾಗ ಅವರು ಅಂಗಡಿಗೆ ಓಡಲಿಲ್ಲ. ಸ್ಕೇಲು ಹುಡುಕಿದರು.

ಕಂಪ್ಯೂಟರ್ ಬೇಕಾದದ್ದು ಅವರಿಗಲ್ಲ, ಅವರ ಹೆಂಡತಿಗೆ. ಆಕೆ ಮನೆಯಲ್ಲೇ ಕೂತು ಪ್ರೆಸ್ಸಿನವರಿಗೆ ಪುಸ್ತಕದ ಪುಟಗಳನ್ನು ಜೋಡಿಸಿಕೊಡುತ್ತಿದ್ದರು. ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವರು ‘ಪುಟದಕ್ಕ’. ಈ ಸಲ ಕೈಗೆ ಬಂದದ್ದು ಮಕ್ಕಳಿಗಾಗಿ ಮಾಡಿದ ಹಕ್ಕಿಗಳ ಪುಸ್ತಕ. ಇನ್ನೂರು ಪುಟ, ಪುಟಕ್ಕೆ ನಾಲ್ಕು ಬಣ್ಣದ ಚಿತ್ರ. ಹಳೆಯ ಕಂಪ್ಯೂಟರಿಗೆ ಈ ಭಾರ ತಡೆಯಲಾಗಲಿಲ್ಲ. ಒಂದು ಪುಟ ತೆರೆದರೆ ಮೊದಲು ಕೊಕ್ಕು ಕಾಣುತ್ತಿತ್ತು. ಪುಟದಕ್ಕ ಎದ್ದು ಹೋಗಿ ಬಟ್ಟೆ ಒಣಹಾಕಿ ಬರುವ ಹೊತ್ತಿಗೆ ರೆಕ್ಕೆ. ಬಾಲ ನೋಡುವುದು ಅವರವರ ಹಣೆಬರಹ, ಏಕೆಂದರೆ ಅಷ್ಟರಲ್ಲಿ ಕಂಪ್ಯೂಟರ್ ಮೂರ್ಛೆ ಹೋಗಿರುತ್ತಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪುಸ್ತಕ ಕೈಗೆ ಬರದಿದ್ದರೆ ಹಿಂದೆಯೇ ಬರಲಿರುವ ಪ್ರಾಣಿಗಳ ಪುಸ್ತಕ, ಮೀನುಗಳ ಪುಸ್ತಕ ಎರಡನ್ನೂ ಬೇರೆಯವರಿಗೆ ಕೊಡುವುದಾಗಿ ಪ್ರೆಸ್ಸಿನ ಯಜಮಾನರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು.

“ನನ್ನ ತಮ್ಮನಿಗೆ ಒಂದು ಮಾತು ಹೇಳಿದ್ರೆ ಸಾಕು ರೀ, ಏನು ಬೇಕೋ ಅದನ್ನ ತಂದು ಜೋಡಿಸಿಕೊಡ್ತಾನೆ,” ಎಂದರು ಪುಟದಕ್ಕ. ತಮ್ಮನದು ಎರಡು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ.

“ಅವನಾ? ಅವನಿಗೆ ಮನೆಪಾಠ ಹೇಳಿದೋನು ನಾನು. ಲೆಕ್ಕದಲ್ಲಿ ನೂರಕ್ಕೆ ಹನ್ನೊಂದು ತಗೊಂಡೋನ ಹತ್ರ ನಾನು ಹೋಗಿ ಕೈ ಕಟ್ಟಿ ನಿಂತ್ಕೊಳ್ಳಲಾ?”

“ಹನ್ನೊಂದು ತಗೊಂಡ್ರೂ ಅಂಗಡಿ ಚೆನ್ನಾಗೇ ನಡೆಸ್ತಿದ್ದಾನಲ್ಲ.”

“ನೀನು ನಿನ್ನ ಹಕ್ಕಿ ನೋಡ್ಕೋ, ಮಿದುಳಿನ ವಿಷಯ ನನಗೆ ಬಿಡು. ಪ್ರೊಸೆಸರ್ ಅಂದ್ರೆ ಕಂಪ್ಯೂಟರಿನ ಮಿದುಳು ಕಣೇ. ಅದೊಂದನ್ನ ಸರಿಯಾಗಿ ಆರಿಸಿದ್ರೆ ಮಿಕ್ಕಿದ್ದೆಲ್ಲ ಬಾಲ ಮುದುರಿಕೊಂಡು ಹಿಂದೆ ಬರುತ್ತೆ.”

ಮೂರು ಸಂಜೆ ಮೇಷ್ಟ್ರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಹದಿನೇಳು ಪ್ರೊಸೆಸರುಗಳು ಪರೀಕ್ಷೆಗೆ ಕೂತವು. ವೇಗಕ್ಕೆ ಇಷ್ಟು, ಒಂದೇ ತಲೆಯೊಳಗೆ ಎಷ್ಟು ತಲೆಗಳಿವೆ (ಅಂಗಡಿಯವರ ಭಾಷೆಯಲ್ಲಿ ಕೋರ್) ಎಂಬುದಕ್ಕೆ ಇಷ್ಟು, ಆಪರೇಟಿಂಗ್ ಸಿಸ್ಟಂ ಎಷ್ಟು ಚುರುಕಾಗಿ ಎದ್ದು ಕೂರುತ್ತದೆ ಎಂಬುದಕ್ಕೆ ಇಷ್ಟು, ಬಿಸಿಯಾಗದೆ ಸಮಾಧಾನವಾಗಿರುವ ಗುಣಕ್ಕೆ ಇಷ್ಟು. (ಈ ಕೊನೆಯ ವಿಷಯದಲ್ಲಿ ಮೇಷ್ಟ್ರೇ ಪರೀಕ್ಷೆಗೆ ಕೂತಿದ್ದರೆ ಸೊನ್ನೆ.) ಅಂಕಪಟ್ಟಿ ನಡುಮನೆಯ ಗೋಡೆಯ ಮೇಲೆ ರಾರಾಜಿಸಿತು. ಪುಟದಕ್ಕ ಸೌಟು ಹಿಡಿದುಕೊಂಡೇ ಬಂದು ಓದಿದರು.

“ಇಲ್ಲೊಂದು ಕಾಲಂ ಹೊಡೆದು ಹಾಕಿದ್ದೀರಲ್ಲ, ಯಾಕೆ?”

“ಅದು ಗ್ರಾಫಿಕ್ಸ್. ನಮ್ಮ ಭಾಷೇಲಿ ಹೇಳೋದಾದ್ರೆ ಡ್ರಾಯಿಂಗು. ಡ್ರಾಯಿಂಗಿಗೆಲ್ಲ ಅಂಕ ಕೂಡಿಸಿದ್ರೆ ಬುದ್ಧಿವಂತರಿಗೆ ಅನ್ಯಾಯ ಆಗುತ್ತೆ.”

ಇಪ್ಪತ್ತೆರಡು ವರ್ಷಗಳ ಸರ್ವೀಸಿನಲ್ಲಿ ಮೇಷ್ಟ್ರು ಡ್ರಾಯಿಂಗ್ ಪೀರಿಯಡ್ಡನ್ನು ಡ್ರಾಯಿಂಗಿಗೆ ಬಿಟ್ಟದ್ದೇ ಅಪರೂಪ. ಪರೀಕ್ಷೆ ಹತ್ತಿರ ಬಂತು ಎಂದು ವರ್ಷದ ಮೊದಲ ವಾರವೇ ಅದನ್ನು ಲೆಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಪ್ರೊಸೆಸರಿಗೂ ಅದೇ ನ್ಯಾಯ ಸಂದಿತು.

“ನಂದು ಪೂರ್ತಿ ಚಿತ್ರದ ಕೆಲಸ ರೀ!”

“ಚಿತ್ರ ಕಾಣೋದು ಎಲ್ಲಿ? ಮಾನಿಟರಿನಲ್ಲಿ. ಮಾನಿಟರ್ ಇದೆಯೋ ಇಲ್ವೋ? ಇದೆ. ಮತ್ತೇನು?”

ಈ ಉತ್ತರ ಎಷ್ಟು ಗಟ್ಟಿಯಾಗಿ ಬಂತೆಂದರೆ ಪುಟದಕ್ಕನಿಗೂ ಹೌದಲ್ಲವೇ ಅನ್ನಿಸಿಬಿಟ್ಟಿತು. ಮೇಷ್ಟ್ರ ದೊಡ್ಡ ಶಕ್ತಿಯೇ ಅದು. ಗೊತ್ತಿಲ್ಲದ್ದನ್ನು ಗೊತ್ತಿರುವವರಿಗಿಂತ ಚೆನ್ನಾಗಿ ಹೇಳುತ್ತಿದ್ದರು.

ನೂರಕ್ಕೆ ತೊಂಬತ್ತಾರು ಪಡೆದು ಮೊದಲ ರ್‍ಯಾಂಕ್ ಬಂದ ಪ್ರೊಸೆಸರನ್ನು, ಅದು ಕೂರುವ ಬೋರ್ಡು, ಪೆಟ್ಟಿಗೆಗಳ ಸಮೇತ, ಶುಕ್ರವಾರ ದೊಡ್ಡ ರಸ್ತೆಯ ಅಂಗಡಿಯಿಂದ ತಂದದ್ದಾಯಿತು. ಭಾವಮೈದನ ಅಂಗಡಿಯ ಮುಂದೆ ಹೋಗಬಾರದೆಂದು ಒಂದು ಬೀದಿ ಸುತ್ತು ಹಾಕಿದ್ದೂ ಆಯಿತು. ಅಂಗಡಿಯವನು, “ಗ್ರಾಫಿಕ್ಸ್ ಕಾರ್ಡ್ ಯಾವುದು ಕೊಡ್ಲಿ ಸಾರ್?” ಎಂದು ಕೇಳಿದ್ದ. “ನಮ್ಮನೇಲಿ ಯಾರೂ ವಿಡಿಯೋ ಗೇಮ್ ಆಡಲ್ಲಪ್ಪ,” ಎಂದು ಮೇಷ್ಟ್ರು ಅವನಿಗೆ ಸಂಸ್ಕಾರ ಕಲಿಸಿ ಬಂದಿದ್ದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವರೇ ಕಾರ್ಯಾಚರಣೆ ಶುರು ಮಾಡಿದರು. ಹಳೆಯ ಕಂಪ್ಯೂಟರನ್ನು ಬಿಚ್ಚಿ, ಹಕ್ಕಿಗಳೆಲ್ಲ ಗೂಡು ಕಟ್ಟಿದ್ದ ಹಾರ್ಡ್ ಡಿಸ್ಕನ್ನು ಮಾತ್ರ ಎತ್ತಿಟ್ಟುಕೊಂಡು, ಉಳಿದದ್ದನ್ನು ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನಿಗೆ ಹಾಕಿಬಿಟ್ಟರು.

“ಅಯ್ಯೋ, ಸೋಮವಾರದ ತನಕ ಇಟ್ಕೊಂಡಿದ್ರೆ ಆಗ್ತಿರಲಿಲ್ವಾ?” ಎಂದು ಪುಟದಕ್ಕ ಬಾಗಿಲಿಗೆ ಓಡಿದರು. ಗುಜರಿ ಗಾಡಿ ತಿರುವು ದಾಟಿಯಾಗಿತ್ತು.

“ಪಾಸಾಗೋನು ಮರುಪರೀಕ್ಷೆಗೆ ಫೀಸು ಕಟ್ಟಿಡಲ್ಲ ಕಣೇ,” ಎಂದು ಮೇಷ್ಟ್ರು ಸ್ಕ್ರೂ ತಿರುಗಿಸಿದರು.

ವಿಡಿಯೋ ನೋಡಿಕೊಂಡು ಜೋಡಿಸಿದ ಕೆಲಸವೇನೋ ಅಚ್ಚುಕಟ್ಟಾಗಿತ್ತು. ಒಂದು ವೈರೂ ಸೊಟ್ಟಗಿರಲಿಲ್ಲ. ಬಟನ್ ಒತ್ತಿದರು. ದೀಪ ಹತ್ತಿತು, ಫ್ಯಾನು ಗುಂಯ್ ಎಂದು ತಿರುಗಿತು. ಮಾನಿಟರ್ ಮಾತ್ರ ಒರೆಸಿಟ್ಟ ಕರಿಹಲಗೆಯಂತೆ ಕಪ್ಪಗಿತ್ತು.

“ಏನೂ ಕಾಣ್ತಿಲ್ಲ.”

“ತಾಳು. ಬುದ್ಧಿವಂತರು ಬಾಯಿ ಬಿಡೋ ಮುಂಚೆ ಯೋಚನೆ ಮಾಡ್ತಾರೆ.”

ಅರ್ಧ ಗಂಟೆ ಯೋಚನೆ ನಡೆಯಿತು. ಮೇಷ್ಟ್ರು ಮಾನಿಟರನ್ನು ಒರೆಸಿದರು, ಕೇಬಲ್ ಬದಲಿಸಿದರು, ವಿದ್ಯುತ್ ಇಲಾಖೆಯನ್ನು ಬೈದರು. ಕೊನೆಗೆ ಪಕ್ಕದ ಮನೆಯವರ ಟಿವಿಯನ್ನು, ಧಾರಾವಾಹಿ ನೋಡುತ್ತಿದ್ದ ಅಜ್ಜಿಯ ಶಾಪದ ಸಮೇತ, ಹೊತ್ತು ತಂದು ಸಿಕ್ಕಿಸಿದರು. ಟಿವಿಯೂ ಕಪ್ಪು.

ಆಗ ಪುಟದಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. “ಮೂರು ತಿಂಗಳು ಕಣ್ಣು ಕಿತ್ಕೊಂಡು ಮಾಡಿದ್ದೀನಿ. ಇನ್ನೂರು ಪುಟ ಆ ಡಬ್ಬಿಯೊಳಗೆ ಕೂತಿದೆ, ಅದರಲ್ಲಿ ಇನ್ನೂ ಮೂವತ್ತು ಪುಟದ ಕೆಲಸ ಬಾಕಿ ಇದೆ. ನನ್ನ ಕೈಲಿದ್ದ ಒಂದೇ ಒಂದು ಕೆಲಸ, ಅದನ್ನೂ ನಿಮ್ಮ ಅಂಕಪಟ್ಟಿಗೆ ಬಲಿ ಕೊಟ್ಟುಬಿಟ್ರಲ್ಲ!” ಎಂದವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಹೆಂಡತಿ ಜಗಳವಾಡಿದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು, ಅತ್ತರೆ ಅವರಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

“ಫೋನ್ ಮಾಡಿ,” ಎಂದರು ಪುಟದಕ್ಕ.

“ಯಾರಿಗೆ?”

“ಹನ್ನೊಂದು ಅಂಕದೋನಿಗೆ.”

“ನಿನ್ನ ತಮ್ಮ, ನೀನೇ...”

“ಬೇಡ ಅಂದೋರು ನೀವು. ಬಾ ಅನ್ನೋರೂ ನೀವೇ ಆಗಬೇಕು.”

ಮೇಷ್ಟ್ರು ಫೋನ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟರು. “ಏನಯ್ಯಾ, ಚೆನ್ನಾಗಿದ್ದೀಯಾ? ಒಂದು ಸಣ್ಣ ಸಂದೇಹ. ನಮ್ಮ ಸ್ನೇಹಿತರೊಬ್ಬರ ಮನೇಲಿ ಹೊಸ ಕಂಪ್ಯೂಟರು...”

“ಆ ಸ್ನೇಹಿತರ ಮನೇಲಿ ನಮ್ಮಕ್ಕ ಮೂಗು ಸೀಟ್ತಿರೋದು ಕೇಳಿಸ್ತಿದೆ ಭಾವ. ಬಂದೆ ಇರಿ.”

ಹತ್ತೇ ನಿಮಿಷಕ್ಕೆ ಬಂದ. ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಗೋಡೆಯ ಮೇಲಿನ ಅಂಕಪಟ್ಟಿಯ ಮುಂದೆ ನಿಂತು, ಹೊಡೆದು ಹಾಕಿದ ಕಾಲಮ್ಮಿನ ಮೇಲೆ ಬೆರಳಾಡಿಸಿ, ನಗು ತಡೆಯಲು ಕೆಮ್ಮಿದ.

“ಭಾವ, ನಿಮ್ಮ ಫಸ್ಟ್ ರ್‍ಯಾಂಕಿನೋನು ಗಟ್ಟಿಗನೇ. ಈಗಲೂ ಒಳಗೆ ಕೂತ್ಕೊಂಡು ಎಲ್ಲ ಲೆಕ್ಕ ಮಾಡ್ತಾನೇ ಇದ್ದಾನೆ. ಆದ್ರೆ ಚಿತ್ರ ಬರೆದು ಪರದೆಗೆ ಕಳಿಸೋ ಭಾಗಾನೇ ಅವನಲ್ಲಿಲ್ಲ. ಅದಕ್ಕೆ ಬೇರೆ ಕಾರ್ಡ್ ಹಾಕ್ಬೇಕು, ಇಲ್ಲಾಂದ್ರೆ ಆ ಭಾಗ ಒಳಗೇ ಇರೋ ಪ್ರೊಸೆಸರ್ ತಗೋಬೇಕು.”

“ಅಂಥದ್ದು ಯಾವುದಿದೆ?” ಮೇಷ್ಟ್ರು ಅಂಕಪಟ್ಟಿಯ ಕಡೆ ನೋಡದೆ ಸಣ್ಣ ದನಿಯಲ್ಲಿ ಕೇಳಿದರು.

“ನಿಮ್ಮ ಪಟ್ಟೀಲಿ ಹನ್ನೆರಡನೇದು. ಅಕ್ಕನ ಕೆಲಸಕ್ಕೆ ಧಾರಾಳ. ಅಂಗಡೀಲಿ ಒಂದಿದೆ, ತರ್ತೀನಿ.”

ಹನ್ನೆರಡನೆಯವನು ಬಂದು ಅದೇ ಜಾಗದಲ್ಲಿ ಕೂತ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪರದೆ ಬೆಳಗಿತು. ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವ ಕೆಲಸವನ್ನು ಪುಟದಕ್ಕ ತಾವೇ ಮಾಡಿಕೊಂಡರು, ಯಾರನ್ನೂ ಹತ್ತಿರ ಸೇರಿಸಲಿಲ್ಲ. ಪುಟ ತೆರೆದರೆ ಕೊಕ್ಕು, ರೆಕ್ಕೆ, ಬಾಲ ಮೂರೂ ಒಟ್ಟಿಗೇ ಹಾರಿಬಂದವು. ಭಾನುವಾರವಿಡೀ ಆಕೆ ಕುರ್ಚಿ ಬಿಟ್ಟೇಳಲಿಲ್ಲ. ಮೇಷ್ಟ್ರು ಕೇಳದೆಯೇ ಅನ್ನ ಮಾಡಿದರು, ಪಾತ್ರೆ ತೊಳೆದರು, ಅಜ್ಜಿಯ ಟಿವಿ ಹೊತ್ತು ಹಿಂದಕ್ಕೆ ಕೊಟ್ಟು ಮಿಕ್ಕ ಶಾಪವನ್ನೂ ತೆಗೆದುಕೊಂಡು ಬಂದರು. ಸೋಮವಾರ ಹತ್ತಕ್ಕೆ ಕಾಲು ಗಂಟೆ ಇರುವಾಗಲೇ ಪುಸ್ತಕ ಪ್ರೆಸ್ಸು ಸೇರಿತು.

ಆ ಸಂಜೆ ಪುಟದಕ್ಕ ಮುಖ ಅರಳಿಸಿಕೊಂಡು ಬಂದರು. ಪ್ರಾಣಿಗಳೂ ಸಿಕ್ಕಿದ್ದವು, ಮೀನುಗಳೂ ಸಿಕ್ಕಿದ್ದವು. “ಇನ್ನೊಂದು ವಿಷಯ ರೀ. ಪ್ರೆಸ್ಸಿಗೆ ಮೂರು ಹೊಸ ಕಂಪ್ಯೂಟರ್ ಜೋಡಿಸಬೇಕಂತೆ. ನಿಮ್ಮ ಮನೇದು ಯಾರು ಮಾಡಿದ್ದು ಅಂತ ಯಜಮಾನರು ಕೇಳಿದ್ರು.”

ಮೇಷ್ಟ್ರು ನೆಟ್ಟಗೆ ಕೂತರು. ಎರಡು ದಿನದಿಂದ ಎಲ್ಲೋ ಹೋಗಿದ್ದ ದನಿ ತಟ್ಟನೆ ಮರಳಿ ಬಂತು. “ನೀನೇನಂದೆ?”

“ತಮ್ಮ ಮಾಡಿದ್ದು ಅಂದೆ. ಬರೋ ಭಾನುವಾರ ಅವನೇ ಜೋಡಿಸ್ತಾನೆ. ಜೊತೆಗೆ ಇನ್ನೊಬ್ರು ಬೇಕಂತೆ. ಅವನಿಗೆ ನಿಮ್ಮ ಹೆಸರು ಹೇಳಿದ್ದೀನಿ.”

“ಪ್ರೊಸೆಸರ್ ಆರಿಸೋಕೆ ತಾನೆ?”

“ಅಲ್ಲ, ಸ್ಕ್ರೂ ಎಣಿಸಿಡೋಕೆ. ಲೆಕ್ಕ ಬಲ್ಲೋರೇ ಆಗಬೇಕಂತೆ.”

ಮೇಷ್ಟ್ರು ಜೇಬಿನ ಕೆಂಪು ಪೆನ್ನು ಸರಿಮಾಡಿಕೊಂಡರು. “ಸ್ಕ್ರೂ ಅಂದ್ರೆ ತಮಾಷೆ ಅಲ್ಲ ಕಣೇ. ಒಂದು ತಪ್ಪಿದ್ರೂ ಇಡೀ ಕಂಪ್ಯೂಟರ್ ಗಡಗಡ ಅನ್ನುತ್ತೆ,” ಎಂದರು.

ಭಾನುವಾರ ಪ್ರೆಸ್ಸಿನ ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲು, ಅದರ ಮೇಲೆ ಮೇಷ್ಟ್ರು, ಅವರ ತೊಡೆಯ ಮೇಲೆ ಸ್ಕ್ರೂ ತುಂಬಿದ ಸ್ಟೀಲ್ ತಟ್ಟೆ. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಆ ಕಡೆ ಬಂದು, ಕನ್ನಡಕ ಮೇಲೇರಿಸಿ, “ಇವರು ಯಾರಪ್ಪಾ?” ಎಂದು ಕೇಳಿದರು.

ಭಾವಮೈದ ಬಗ್ಗಿದ ತಲೆ ಎತ್ತದೆ ಹೇಳಿದ: “ನಮ್ಮ ಭಾವ ಸಾರ್. ಹೊಸದಾಗಿ ಕೆಲಸ ಕಲೀತಿದ್ದಾರೆ.”

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು, ಆದರೂ ಬಾಯಿ ತೆರೆಯಲಿಲ್ಲ. ಎಪ್ಪತ್ತಮೂರರವರೆಗೆ ಬಂದಿದ್ದರು. ಈಗ ಮಾತಾಡಿದರೆ ಮತ್ತೆ ಒಂದರಿಂದ ಎಣಿಸಬೇಕಿತ್ತು.