ಗುರುವಾರದ ಬೆಂಕಿ

ಬೆಂಕಿ ಬಿದ್ದ ಕೂಡಲೇ ಜನ ನೀರು ಹಿಡಿದು ಓಡಿಬರುತ್ತಾರೆ ಎಂಬುದು ನಮ್ಮ ಕರಾವಳಿಯಲ್ಲಿ ಬಹುಕಾಲದಿಂದ ಬೇರುಬಿಟ್ಟಿದ್ದ ದೋಷ. ಇದನ್ನು ಸರಿಪಡಿಸಲೆಂದೇ ಕಾರವಾರದ ಹಬ್ಬುವಾಡದಲ್ಲಿ, ಬಾಡಿಗೆ ಮನೆಯೊಂದರ ಮಹಡಿಯ ಮೇಲೆ, ಅಗ್ನಿ ಸನ್ನದ್ಧತಾ ಪ್ರಾಧಿಕಾರ ಸ್ಥಾಪನೆಯಾಯಿತು. ನಾನು ಅದರ ಪ್ರಚಾರ ಶಾಖೆಯಲ್ಲಿದ್ದೇನೆ. ನಮ್ಮನ್ನು ನೋಡಿ ನಗುವವರು ಪೇಟೆಯಲ್ಲಿ ಇದ್ದಾರೆ. ಅವರ ಮನೆಗೆ ಬೆಂಕಿ ಬೀಳಲಿ ಎಂದು ನಾನು ಹೇಳುವುದಿಲ್ಲ. ಬೀಳುವುದಾದರೆ ಪೂರ್ವಾನುಮತಿ ಪಡೆದು ಬೀಳಲಿ ಎಂದಷ್ಟೇ ನನ್ನ ವಿನಂತಿ.

ಮೊದಲ ತರಬೇತಿಗೆ ಅವರ್ಸಾ ಊರನ್ನು ಆರಿಸಿದೆವು. ತೆಂಗಿನ ಮಡಲು ಹೊದೆಸಿ ಒಂದು ಗುಡಿಸಲು ಕಟ್ಟುವುದು, ಅದಕ್ಕೆ ಬೆಂಕಿ ಕೊಡುವುದು, ಮುಖ್ಯ ಅತಿಥಿಗಳು ಹಸಿರು ಬಾವುಟ ಬೀಸಿದ ಮೇಲೆ ಊರಿನವರು ಅದನ್ನು ನಂದಿಸುವುದು ಎಂದು ಕಾರ್ಯಕ್ರಮ. ಗುಡಿಸಲಿಗೆ ಬೊಮ್ಮಯ್ಯ ಎಂಬವರ ಮನೆಯ ಪಕ್ಕದ ಗದ್ದೆಯನ್ನು ಗೊತ್ತುಮಾಡಿದೆವು. ಅತಿಥಿಗಳ ಕಾರಿಗೆ ನೆರಳಿದ್ದದ್ದು ಅಲ್ಲಿ ಮಾತ್ರ. ಅಲ್ಲೇ ಬೊಮ್ಮಯ್ಯನವರ ಹೆಂಡತಿ ಗಂಗೂ ಒಟ್ಟಿದ್ದ ಹುಲ್ಲಿನ ಕುತ್ರಿಯೂ, ಅಂದರೆ ಬಣವೆಯೂ, ಇತ್ತು.

ಕುತ್ರಿಯ ಚಿಂತೆಯಲ್ಲಿ ಗಂಗೂ ನಮ್ಮ ಮುಖ್ಯಾಧಿಕಾರಿ ನಾಗಪತಿ ಸಾಹೇಬರ ಎದುರು ಬಂದು ನಿಂತಳು.

"ಸಾಹೇಬ್ರೆ, ಗುಡಿಸ್ಲು ಸ್ವಲ್ಪ ಆಚೆ ಕಟ್ಟೂಕೆ ಆಗೂದಿಲ್ವಾ? ನಮ್ಮ ಕುತ್ರಿ ಇಲ್ಲೇ ಅದೆ. ಕಿಡಿ ಹಾರ್ತು ಅಂದ್ರೆ ಮಳೆಗಾಲಕ್ಕೆ ಎಮ್ಮಿಗೆ ಎಂತಾ ಹಾಕೂದು?"

"ಇದು ಅಣಕು ಬೆಂಕಿ ತಂಗಿ," ಎಂದರು ಸಾಹೇಬರು. "ಅಣಕು ಬೆಂಕಿಯಲ್ಲಿ ಕಿಡಿ ಹಾರುವುದಕ್ಕೆ ಅವಕಾಶ ಕೊಟ್ಟಿಲ್ಲ."

ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ವೇಳೆಗೆ ಸರಿಯಾಗಿ ಬೆಂಕಿ ಹಚ್ಚಿದೆವು. ಅತಿಥಿಗಳು ಅಂಕೋಲೆಯಲ್ಲಿ ಇನ್ನೂ ಶಾಲು ಹೊದೆಸಿಕೊಳ್ಳುತ್ತಿದ್ದರು. ಮಡಲು ಚಟಚಟ ಎನ್ನತೊಡಗಿತು. ಒಂದು ಕಿಡಿ ಅವಕಾಶವಿಲ್ಲದಿದ್ದರೂ ಹಾರಿತು. ಗಂಗೂ ಬಾಯಿಗೆ ಅಂಗೈ ಹಿಡಿದು ಕೂ ಹಾಕಿದಳು.

ಕೂ ಅಂದರೆ ಈ ಕಡೆ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಕರೆಯಲು ಹಾಕುವ ಉದ್ದನೆಯ ಕೂಗು. ಕೇಳಿದವರು ತಾವೂ ಒಂದು ಕೂ ಹಾಕಿ ಮುಂದಕ್ಕೆ ದಾಟಿಸುತ್ತಾರೆ. ಅದಕ್ಕೆ ಕಡತ ಸಂಖ್ಯೆ ಇಲ್ಲ, ಮೇಲಧಿಕಾರಿಗಳ ಸಹಿ ಇಲ್ಲ. ನಾನು ಕ್ಯಾಮೆರಾದ ಮುಚ್ಚಳ ತೆಗೆಯುವುದರೊಳಗೆ ಇಡೀ ಕೇರಿ ಕೊಡಪಾನ ಹೊತ್ತು ಬಂದು ನೀರು ಹೊಯ್ದು, ಕಾಲು ತೊಳೆದುಕೊಂಡು ನಿಂತಿತ್ತು. ಬಾವುಟ ಹಿಡಿದು ಬಂದ ಅತಿಥಿಗಳಿಗೆ ಒದ್ದೆ ಬೂದಿಯ ಹೊರತು ಏನೂ ಸಿಗಲಿಲ್ಲ. ಅವರು ಭಾಷಣವನ್ನೂ ಮಾಡದೆ ತಿರುಗಿ ಹೋದರು. ಆ ದಿನದ ವರದಿಯನ್ನು ನಾನೇ ಬರೆದೆ: "ತರಬೇತಿ ಸಂಪೂರ್ಣ ವಿಫಲ. ಬೆಂಕಿ ನಂದಿದೆ."

ಮರುವಾರವೇ ನಿಯಮಗಳು ಬಂದವು. ಅತಿಥಿಗಳ ಆಗಮನಕ್ಕೆ ಮುನ್ನ ಬೆಂಕಿ ನಂದಿಸುವುದನ್ನು 'ಅಕಾಲಿಕ ನಂದನೆ' ಎಂದು ಪರಿಗಣಿಸತಕ್ಕದ್ದು. ಕೂ ಒಂದು ಅನಧಿಕೃತ ಶಬ್ದವಾಗಿದ್ದು, ಸೈರನ್ ಸರಬರಾಜಾಗುವವರೆಗೆ ಯಾರೂ ಯಾವ ಶಬ್ದವನ್ನೂ ಮಾಡತಕ್ಕದ್ದಲ್ಲ. ಗಂಗೂಗೆ ಕಾರಣ ಕೇಳಿ ನೋಟಿಸು ಹೋಯಿತು. "ಕುತ್ರಿ ಸುಟ್ಟು ಹೋಗ್ತದೆ ಅಂತ ಕೂ ಹಾಕ್ದೆ" ಎಂದು ಅವಳು ಉತ್ತರ ಕೊಟ್ಟಳು. ಅದು ಕಾರಣವಲ್ಲ, ನೆಪ ಎಂದು ಕಚೇರಿ ಟಿಪ್ಪಣಿ ಹಾಕಿತು.

ಊರಿಗೆ ಮರುತರಬೇತಿ ಶುರುವಾಯಿತು. ಬೊಮ್ಮಯ್ಯನವರನ್ನು ಕಾಯಂ ಗಾಯಾಳು ಎಂದು ನೇಮಿಸಿ ಒಂದು ಸ್ಟ್ರೆಚರ್ ಕೊಟ್ಟೆವು. ಮೊದಲ ದಿನವೇ ಅವರು ಅದರ ಮೇಲೆ ಗೊರಕೆ ಹೊಡೆದರು. ಪಕ್ಕದ ಮನೆಯ ಕಲಾವತಿಯನ್ನು ಬೆಂಕಿ ಪೋಷಣಾ ಮಹಿಳಾ ತಂಡದ ಮುಖ್ಯಸ್ಥೆಯನ್ನಾಗಿ ಮಾಡಿದೆವು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಊದಿ ಎಬ್ಬಿಸುವವರಿಗೆ ಹೆಚ್ಚು ಕಲಿಸುವ ಅಗತ್ಯ ಬೀಳಲಿಲ್ಲ. ಕಾಯಿಸಿಪ್ಪೆ ಯಾವಾಗ ಹಾಕಬೇಕು, ಮಡಲು ಎಷ್ಟು ತುರುಕಬೇಕು ಎಂಬುದನ್ನು ಅವರೇ ನಮಗೆ ತೋರಿಸಿಕೊಟ್ಟರು.

ಎರಡನೇ ಪ್ರದರ್ಶನದ ದಿನ ಅತಿಥಿಗಳು ಮಧ್ಯಾಹ್ನ ದಾಟಿಸಿ ಬಂದರು. ಹೊಸ ಗುಡಿಸಲಿಗೆ ಬೆಳಿಗ್ಗೆ ಹಚ್ಚಿದ ಬೆಂಕಿ ಆರದೆ ಹಾಗೇ ಇತ್ತು. ಅವರು ಕಾರಿನಿಂದ ಇಳಿದು ಕೈಮುಗಿಯುತ್ತಿದ್ದಂತೆ ಒಂದು ಕಿಡಿ ಹೋಗಿ ಕಾರಿನ ಮುಂಭಾಗದ ಹೂವಿನ ಅಲಂಕಾರಕ್ಕೆ ತಾಗಿತು. ಕಾರು ಹೊತ್ತಿಕೊಂಡಿತು. ಊರಿನವರು ಕೊಡಪಾನ ಹಿಡಿದು ಸಾಲಾಗಿ ನಿಂತೇ ಇದ್ದರು.

"ನೀರು ಹಾಕ್ರೋ!" ಎಂದು ಅತಿಥಿಗಳು ಕೂಗಿದರು.

"ಇದು ಗುಡಿಸಲಿನ ಬೆಂಕಿಯಲ್ಲ ಸರ್, ಬೇರೆ ಬೆಂಕಿ," ಎಂದು ನಾಗಪತಿ ಸಾಹೇಬರು ವಿವರಿಸಿದರು. "ಇದಕ್ಕೆ ಬೇರೆ ಮುಖ್ಯ ಅತಿಥಿಗಳು ಬೇಕಾಗುತ್ತಾರೆ. ತಾವು ಈಗ ಸಂತ್ರಸ್ತರು."

ಬೆಂಕಿ ಆರಿಸುವ ಸಿಲಿಂಡರು ನಮ್ಮಲ್ಲಿ ಇತ್ತು. ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಹಾರ ಹಾಕಿಟ್ಟಿದ್ದೆವು. ತೆರೆದರೆ ದಾಸ್ತಾನಿನಲ್ಲಿ ಖಾಲಿ ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ಅದನ್ನು ಮುಟ್ಟುವ ಪ್ರಶ್ನೆ ಬರಲಿಲ್ಲ.

ಅತಿಥಿಗಳು ಗಂಗೂ ಕಡೆ ತಿರುಗಿದರು. "ಅವತ್ತು ಕೂ ಹಾಕಿದವಳು ನೀನೇ ಅಲ್ವಾ? ಹಾಕಮ್ಮಾ, ಬೇಗ!"

"ಕೂ ಹಾಕೂಕೆ ಬಂದಿ ಅದೆ ಅಲ್ರಾ ಸಾಹೇಬ್ರೆ," ಎಂದಳು ಗಂಗೂ. "ನೋಟಿಸು ಮನೆಯಾಗೆ ಅದೆ. ತರ್ಲೇ?"

"ಆ ನಿಷೇಧ ಈಗಲೇ ರದ್ದು ಮಾಡಿದ್ದೇನೆ!"

"ಲಿಖಿತ ಆದೇಶ ಬೇಕಾಗುತ್ತದೆ ಸರ್," ಎಂದರು ನಾಗಪತಿ ಸಾಹೇಬರು. "ತಮ್ಮ ಲೆಟರ್‌ಹೆಡ್ ಮೇಲೆ."

ಲೆಟರ್‌ಹೆಡ್ ಕಾರಿನಲ್ಲಿತ್ತು.

ಕಾರು ಪೂರ್ತಿ ಉರಿದ ಮೇಲೆ ಅತಿಥಿಗಳು ಬೆವರು ಒರೆಸಿಕೊಂಡು ಮೈಕಿನ ಮುಂದೆ ನಿಂತರು. ಇಷ್ಟು ದೊಡ್ಡ ಬೆಂಕಿಯ ಎದುರು ಒಬ್ಬರೂ ಜಾಗ ಬಿಟ್ಟು ಕದಲದ ಊರನ್ನು ತಾವು ಎಲ್ಲಿಯೂ ಕಂಡಿಲ್ಲವೆಂದೂ, ಕೂ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ಅಗತ್ಯವೆಂದೂ ಹೇಳಿ, ಬಸ್ಸು ಹತ್ತಿ ಹೋದರು.

ಸಡಿಲಿಕೆ ಬಂದಿತು. ಗಂಗೂ ಎಂಬವರು ಅರ್ಜಿ ಸಲ್ಲಿಸಿದಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದು ಕೂ ಹಾಕಬಹುದು. ಉಳಿದ ದಿನ ನಮ್ಮಲ್ಲಿ ಸಿಬ್ಬಂದಿಯ ಕೊರತೆ. ಅಂದಿನಿಂದ ಗುರುವಾರ ಹನ್ನೊಂದಕ್ಕೆ ಗಂಗೂ ಅಂಗಳದಲ್ಲಿ ನಿಂತು ಕೂ ಹಾಕುತ್ತಿದ್ದಳು, ಕೇರಿಯೆಲ್ಲ ಕೊಡಪಾನ ಹೊತ್ತು ಓಡಿಬರುತ್ತಿತ್ತು. ಬೆಂಕಿ ಇರುತ್ತಿರಲಿಲ್ಲವಾದ್ದರಿಂದ ನೀರನ್ನು ಅಬ್ಬಲಿಗೆ ಹೂವಿನ ಗಿಡಕ್ಕೆ ಹಾಕಿ, ಚಾ ಕುಡಿದು ಹೋಗುತ್ತಿದ್ದರು. ಆ ವರ್ಷ ಅಬ್ಬಲಿಗೆ ಚೆನ್ನಾಗಿ ಬಿಟ್ಟಿತು.

ಮಳೆ ಇನ್ನೇನು ಹಿಡಿಯಬೇಕು ಅನ್ನುವಾಗ, ಒಂದು ಮಂಗಳವಾರ, ಬಚ್ಚಲೊಲೆಯ ಕಿಡಿ ಗಾಳಿಗೆ ಹಾರಿ ಗಂಗೂನ ಕುತ್ರಿಗೆ ಬಿತ್ತು. ಕಿರುಚಿತ್ರ ತೆಗೆಯಲು ಹೋಗಿದ್ದ ನಾನು ಅಲ್ಲೇ ಇದ್ದೆ. ಗಂಗೂ ಬಾಯಿಗೆ ಅಂಗೈ ಎತ್ತಿದಳು. ಕಲಾವತಿ ಓಡಿಬಂದು ಆ ಕೈ ಹಿಡಿದುಕೊಂಡಳು.

"ಇವತ್ತು ಮಂಗಳವಾರ ಅಲ್ವೇನೆ ಗಂಗಕ್ಕ! ಮತ್ತೆ ನೋಟಿಸು ಬತ್ತದೆ."

ಗಂಗೂ ಹಬ್ಬುವಾಡದ ನಮ್ಮ ಕಚೇರಿಗೆ ಫೋನು ಮಾಡಿದಳು. "ಸಾಹೇಬ್ರೆ, ಕುತ್ರಿ ಹೊತ್ಕಂಡದೆ."

"ಗಾಬರಿಯಾಗಬೇಡ ತಂಗಿ. ನಿನಗೆ ತರಬೇತಿ ಆಗಿದೆ. ಗುರುವಾರ ಅನುಮತಿಯೂ ಇದೆ."

"ಗುರುವಾರದ ತನ್ಕ ಕುತ್ರಿ ಎಲ್ಲಿರ್ತದೆ ಸಾಹೇಬ್ರೆ?"

"ಕುತ್ರಿ ಇರಬೇಕೆಂಬ ನಿಯಮವಿಲ್ಲ. ಬೆಂಕಿ ಇದ್ದರೆ ಸಾಕು."

ಗಂಗೂ ಅಂಗಳದಲ್ಲಿ ಕೂತು ಅತ್ತಳು. ನೋಡಿ ನನಗೂ ಸಂಕಟವಾಯಿತು. ಆದರೆ ಸಂಕಟಪಡುವುದಕ್ಕೆ ನಮ್ಮ ಕಚೇರಿಯಲ್ಲಿ ಪ್ರತ್ಯೇಕ ಶಾಖೆ ಇಲ್ಲ, ನಾನು ಪ್ರಚಾರ ಶಾಖೆಯವನು. ಎಮ್ಮೆಯನ್ನು ಬಿಚ್ಚಿ ಕಲಾವತಿಯ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು. ಬೊಮ್ಮಯ್ಯನವರು ಸ್ಟ್ರೆಚರ್ ತಂದು ಹಾಕಿ ಮಲಗಿದರು.

ಕುತ್ರಿ ಸಂಜೆಗೆ ಮುಗಿದುಹೋಯಿತು. ಗುರುವಾರಕ್ಕೆ ಬೆಂಕಿ ಇಲ್ಲವೆಂದರೆ ಗಂಗೂ ಅನುಮತಿ ಪಡೆದೂ ಸುಮ್ಮನೆ ಕೂ ಹಾಕಿದಂತಾಗುತ್ತದೆ, ಅವಳ ಮಾನ ಹೋಗುತ್ತದೆ ಎಂದು ಊರಿಗೆ ಕನಿಕರ ಬಂತು. ಕಲಾವತಿಯ ತಂಡ ಸರದಿ ಹಾಕಿಕೊಂಡಿತು. ಮೊದಲು ಮಡಲು ಹಾಕಿದರು, ಆಮೇಲೆ ಕಾಯಿಸಿಪ್ಪೆ, ಆಮೇಲೆ ಗಂಗೂನ ಕೊಟ್ಟಿಗೆಯ ಬಾಗಿಲು. ಬುಧವಾರ ಅದೂ ಸಾಲದೆ, ಒಬ್ಬೊಬ್ಬರಾಗಿ ತಮ್ಮ ತಮ್ಮ ಕುತ್ರಿ ಬರಿದಾಗುವವರೆಗೆ ಹೊರೆ ಹೊರೆ ಹುಲ್ಲು ತಂದು ಹಾಕಿದರು. ತರಬೇಡಿ ಎಂದು ಗಂಗೂ ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟು ಒಳ್ಳೆಯ ಜನ.

ಗುರುವಾರ ಹನ್ನೊಂದಕ್ಕೆ ಬೆಂಕಿ ಧಗಧಗ ಉರಿಯುತ್ತಿತ್ತು. ಅತಿಥಿಗಳು ಹೊಸ ಕಾರಿನಲ್ಲಿ ಬಂದು, ಕಾರನ್ನು ದೂರ ನಿಲ್ಲಿಸಿ, ಬಾವುಟ ಬೀಸಿದರು. ಗಂಗೂ ಕೂ ಹಾಕಿದಳು. ಅಷ್ಟು ಉದ್ದದ ಕೂ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೇರಿ ಓಡಿಬಂತು, ನೀರು ಬಿತ್ತು, ಬೆಂಕಿ ಚುಂಯ್ ಎಂದು ಆರಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. "ತರಬೇತಿ ಸಂಪೂರ್ಣ ಯಶಸ್ವಿ" ಎಂದು ನಾನು ಅಲ್ಲೇ ನಿಂತು ಬರೆದುಕೊಂಡೆ.

ಗಂಗೂಗೆ ಪ್ರಶಸ್ತಿಪತ್ರ ಕೊಟ್ಟರು. ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಅವಳು ನಾಗಪತಿ ಸಾಹೇಬರ ಹತ್ತಿರ ಬಂದಳು. ಕಲಾವತಿಯ ಕೊಟ್ಟಿಗೆಯಿಂದ ಎಮ್ಮೆ ಕೂಗುವುದು ಕೇಳುತ್ತಿತ್ತು.

"ಸಾಹೇಬ್ರೆ, ಈಗ ಊರಾಗೆ ಯಾರ ಮನೇಲೂ ಹುಲ್ಲಿಲ್ಲ. ಎಮ್ಮಿಗೆ ಹಸಿವಾಗೂಕೂ ಅರ್ಜಿ ಕೊಡಬೇಕಾಗ್ತದಾ?"

ಅವಳು ಕೊಂಕು ಮಾತಾಡುತ್ತಿರಲಿಲ್ಲ. ತರಬೇತಿ ಪಡೆದವಳು, ತಿಳಿದುಕೊಳ್ಳಲೆಂದೇ ಕೇಳಿದಳು.

ಸಾಹೇಬರು ಯೋಚಿಸಿದರು. "ಕೊಟ್ಟಿರು ತಂಗಿ, ಒಳ್ಳೆಯದು. ಯಾವ ವಾರ ಹಸಿವಾಗಬೇಕು ಅನ್ನುವುದನ್ನು ಸ್ಪಷ್ಟವಾಗಿ ಬರೆ."

ಗಂಗೂ ಅಲ್ಲೇ ಜಗಲಿಯ ಮೇಲೆ ಕೂತು ಬರೆಯತೊಡಗಿದಳು. ತಮ್ಮ ಎಮ್ಮೆಗಳದ್ದೂ ಅದರಲ್ಲೇ ಸೇರಿಸು ಎಂದು ಹೇಳಲು ಊರಿನವರು ಅವಳ ಹಿಂದೆ ಸಾಲು ನಿಂತರು. ಪೆನ್ನು ನಾನೇ ಕೊಟ್ಟೆ.